ಮೂರು ಊರಿನ ಮಾತ್ರೆ, ಒಂದು ಹರಳು ಉಪ್ಪು

ಹೊಗಳಿಸಿಕೊಳ್ಳುವುದು ಯಾರಿಗೆ ಬೇಡ ಹೇಳಿ. ಬೇಡ ಎನ್ನುವವರನ್ನೂ ನಾನು ನೋಡಿದ್ದೇನೆ. 'ಅಯ್ಯೋ, ನನ್ನದೇನಿದೆ' ಎಂದು ಒಂದು ಸಲ ತಲೆ ತಗ್ಗಿಸಿ, ಎರಡನೇ ಸಲ ನಾವು ಹೊಗಳುತ್ತೇವೋ ಬಿಡುತ್ತೇವೋ ಎಂದು ಓರೆಗಣ್ಣಿನಲ್ಲಿ ನೋಡುತ್ತಿರುತ್ತಾರೆ. ನನಗೆ ಅಂಥ ಬಿಂಕವಿಲ್ಲ. ಹೊನ್ನಾವರದ ಒಂದು ಹೈಸ್ಕೂಲಿನಲ್ಲಿ ಕನ್ನಡ ಹೇಳಿಕೊಡುವವಳು ನಾನು. ಬೆಳಿಗ್ಗೆ ಯಾವಳಾದರೂ ಹುಡುಗಿ 'ಟೀಚರ್, ಸೀರೆ ಚಂದ ಇದೆ' ಎಂದುಬಿಟ್ಟರೆ ಅವತ್ತು ಇಡೀ ತರಗತಿಗೆ ಮನೆಗೆಲಸ ಮಾಫಿ. ಇಷ್ಟು ಸುಲಭಕ್ಕೆ ಕರಗುವ ನನಗೆ ನನ್ನ ಸ್ವಂತ ಮನೆಯಲ್ಲಿ, ಊಟದ ಮೇಜಿನ ಮುಂದೆ, ಮದುವೆಯಾಗಿ ಬಂದಾಗಿನಿಂದ ಒಂದೇ ಒಂದು ಹೊಗಳಿಕೆ ಸಿಕ್ಕಿರಲಿಲ್ಲ. ಕಡೆಗೊಂದು ದಿನ ಸಿಕ್ಕಿತು. ಸಿಕ್ಕಿದ ಮೇಲೆ ಇದು ಬೇಡವೇ ಬೇಡ, ವಾಪಸು ತೆಗೆದುಕೊಳ್ಳಿ ಎಂದು ಡಾಕ್ಟರುಗಳ ಬಾಗಿಲು ಬಾಗಿಲು ಅಲೆದೆ. ಆ ಕತೆಯನ್ನೇ ಹೇಳಹೊರಟಿದ್ದೇನೆ.

ಹೊಗಳದೆ ಇದ್ದವರು ನನ್ನ ಅತ್ತೆ. ಹಳದೀಪುರದ ತೆಂಗಿನ ತೋಟದ ಮನೆಯಲ್ಲಿ ಹುಟ್ಟಿ ಬೆಳೆದವರು. ನೋಡಲು ಸಣ್ಣ ದೇಹ, ಆದರೆ ನಾಲಗೆಗೆ ಸರ್ಕಾರಿ ತಪಾಸಣಾಧಿಕಾರಿಯ ಗತ್ತು. ನಮ್ಮ ಮನೆಯಲ್ಲಿ ಒಂದೆಲಗದ ತಂಬುಳಿ ಇಲ್ಲದ ಊಟವಿಲ್ಲ. ಹಿತ್ತಲ ಬಾವಿಕಟ್ಟೆಯ ಪಕ್ಕ ತಂಪಿಗೆ ಹಬ್ಬಿಕೊಂಡ ಎಲೆಯನ್ನು ಕೊಯ್ದು, ಕಾಯಿತುರಿ, ಜೀರಿಗೆ ಹಾಕಿ ಬೀಸಿ, ಮಜ್ಜಿಗೆ ಬೆರೆಸಿದರೆ ಆಯಿತು. ಇದರಲ್ಲಿ ತಪ್ಪಲು ಜಾಗವೇ ಇಲ್ಲ. ಆದರೂ ಅತ್ತೆ ಮೊದಲು ಅದನ್ನು ಅಂಗೈಗೆ ಹಾಕಿಸಿಕೊಂಡು, ಕಣ್ಣು ಮುಚ್ಚಿ ಒಂದು ಸಲ ಕುಡಿದು, ಕಣ್ಣು ಬಿಟ್ಟು ನಮ್ಮ ಮನೆಮಾತಿನಲ್ಲಿ ಹೇಳುವುದು ಒಂದೇ: "ಒಂದು ಹರಳು ಉಪ್ಪು ಕಮ್ಮಿ ಆಯ್ದು." ಎರಡು ಹರಳು ಎಂದೂ ಕಮ್ಮಿಯಾಗಿದ್ದಿಲ್ಲ, ಹೆಚ್ಚಂತೂ ಆಗಿದ್ದೇ ಇಲ್ಲ. ಹೊಸದರಲ್ಲಿ ನಾನು ಒಂದು ಹರಳು ಜಾಸ್ತಿ ಹಾಕಿ ನೋಡಿದೆ. ಆಗಲೂ ಒಂದು ಹರಳು ಕಮ್ಮಿ. ಇನ್ನೊಂದು ಹಾಕಿದೆ. ಮನೆಯವರೆಲ್ಲ ನೀರಿನ ಚೊಂಬಿಗೆ ಕೈ ಹಾಕಿದರು, ಅತ್ತೆ ಮಾತ್ರ ತಮ್ಮ ತೀರ್ಪು ಬದಲಿಸಲಿಲ್ಲ. ನನ್ನ ಗಂಡನನ್ನು ಸಾಕ್ಷಿಗೆ ಕರೆದರೆ ಅವರು, "ಯಂಗೆ ಸರಿ ಇದ್ದು", ನನಗೆ ಸರಿಯಿದೆ ಎಂದು ಅನ್ನದ ತಟ್ಟೆಯ ಹತ್ತಿರ ಬಗ್ಗಿ, ಆ ಕಡೆಗೂ ಕೇಳಿಸದಂತೆ ಈ ಕಡೆಗೂ ಕೇಳಿಸದಂತೆ ಹೇಳುತ್ತಿದ್ದರು. ಬ್ಯಾಂಕಿನಲ್ಲಿದ್ದು ನಿವೃತ್ತರಾದವರು. ಯಾರ ಮನಸ್ಸನ್ನೂ ನೋಯಿಸದೆ ಬದುಕುವ ವಿದ್ಯೆಯನ್ನು ಅರೆದು ಕುಡಿದವರು. ಈ ವಿದ್ಯೆಯ ಬಗ್ಗೆ ಮುಂದೆ ಹೇಳುವುದಿದೆ.

ಒಂದೆಲಗ ತಿಂದರೆ ಬುದ್ಧಿ ಚುರುಕಾಗುತ್ತದೆ, ನೆನಪು ನಿಲ್ಲುತ್ತದೆ ಎಂದು ನಮ್ಮ ಕಡೆ ಎಲ್ಲರೂ ನಂಬುತ್ತಾರೆ. ಪರೀಕ್ಷೆ ಹತ್ತಿರ ಬಂದರೆ ಮಕ್ಕಳಿಗೆ ಅದನ್ನೇ ಹೊಯ್ಯುತ್ತಾರೆ. ಕರ್ಕಿ ಕಡೆಯ ನಮ್ಮ ನೆಂಟರೊಬ್ಬರು ತಾಳಮದ್ದಲೆಯಲ್ಲಿ ಅರ್ಥ ಹೇಳುವವರು. ತಾಸುಗಟ್ಟಲೆ ಕೈಯಲ್ಲಿ ಚೀಟಿಯಿಲ್ಲದೆ ಮಾತಾಡುತ್ತಾರೆ, ಕೇಳಿದರೆ 'ಎಲ್ಲ ಒಂದೆಲಗದ ಪ್ರಸಾದ' ಎನ್ನುತ್ತಾರೆ. ಅವರು ನಮ್ಮ ಮನೆಗೆ ಬಂದಾಗಲೆಲ್ಲ ಕೊಡೆ ಮರೆತು ಹೋಗುವುದಕ್ಕೆ ಏನು ಕಾರಣವೋ ನಾನು ಕೇಳಲಿಲ್ಲ. ನನ್ನ ಅತ್ತೆಯ ನೆನಪಿನ ಬಗ್ಗೆ ಮಾತ್ರ ಎರಡು ಮಾತಿರಲಿಲ್ಲ. ಯಾರ ಮದುವೆಯಲ್ಲಿ ಯಾರು ಯಾವ ಬಣ್ಣದ ಸೀರೆ ಉಟ್ಟಿದ್ದರು, ಅದು ಯಾರ ಸೀರೆ ಎಂಬುದರ ತನಕ ಗೊತ್ತಿತ್ತು. ಅಂಥವರು ಒಂದು ಮಳೆಗಾಲ ಕಳೆಯುವುದರೊಳಗೆ ಹಾಲು ಬಂತೋ ಎಂದು ಬೆಳಿಗ್ಗೆಯಿಂದ ಮಧ್ಯಾಹ್ನದ ತನಕ ಕೇಳತೊಡಗಿದರು. ಕನ್ನಡಕವನ್ನು ಅಕ್ಕಿ ಡಬ್ಬಿಯಲ್ಲಿಟ್ಟು ಮನೆಯೆಲ್ಲ ಹುಡುಕಿಸಿದರು. ವಯಸ್ಸಾಯಿತು, ಎಲ್ಲರಿಗೂ ಆಗುವುದೇ ಎಂದು ನಾವು ಸುಮ್ಮನಿದ್ದೆವು. ನಾನೂ ಚಾಕ್‌ಪೀಸನ್ನು ಕೈಯಲ್ಲೇ ಹಿಡಿದುಕೊಂಡು ಚಾಕ್‌ಪೀಸ್ ಎಲ್ಲಿ ಎಂದು ಮಕ್ಕಳನ್ನು ಬೈಯುವವಳು, ಇನ್ನೊಬ್ಬರಿಗೆ ಹೇಳಲು ನನಗೆಲ್ಲಿದೆ ಬಾಯಿ.

ಆಮೇಲೆ ಆ ದಿನ ಬಂತು. ಅತ್ತೆ ಅಂಗೈಗೆ ತಂಬುಳಿ ಹಾಕಿಸಿಕೊಂಡರು, ಕಣ್ಣು ಮುಚ್ಚಿ ಕುಡಿದರು, ಕಣ್ಣು ಬಿಟ್ಟು ನನ್ನ ಮುಖ ನೋಡಿ ನಕ್ಕರು. "ರಾಶಿ ಚಲೋ ಆಗಿದೆ" ಎಂದರು. ನಾನು ಸೌಟು ಹಿಡಿದುಕೊಂಡೇ ನಿಂತೆ. ಗಂಡನ ಕಡೆ ನೋಡಿದೆ, ಕೇಳಿಸಿತೇ ಎಂದು. ಅವತ್ತು ಶಾಲೆಯಲ್ಲಿ ಸಹೋದ್ಯೋಗಿಗಳಿಗೆಲ್ಲ ಹೇಳಿದೆ, ಚಹಾದ ಜೊತೆ ಎಲ್ಲರಿಗೂ ನನ್ನ ಕಡೆಯಿಂದ ಬನ್ಸ್. ಮರುದಿನವೂ ಹೊಗಳಿದರು. ಅದರ ಮರುದಿನವೂ. ಒಂದು ದಿನ ಗಡಿಬಿಡಿಯಲ್ಲಿ ನಾನು ತಂಬುಳಿಗೆ ಉಪ್ಪನ್ನೇ ಹಾಕಿರಲಿಲ್ಲ. ಗಂಡ ಒಂದು ತುತ್ತು ಉಂಡು ಉಪ್ಪು ತುಂಬಿಡುವ ಮರದ ಮರಿಗೆ ಎಲ್ಲಿದೆ ಎಂದು ಕಣ್ಣಲ್ಲೇ ಹುಡುಕುತ್ತಿದ್ದರು. ಅತ್ತೆ ಮಾತ್ರ ಪೂರ್ತಿ ಕುಡಿದು, "ರಾಶಿ ಚಲೋ ಆಗಿದೆ. ಯಾರ ಮನೆ ಕೂಸು ನೀನು?" ಎಂದರು.

ಆಗ ನನಗೆ ಹೊಳೆಯಿತು. ಇಷ್ಟು ದಿನ ಅವರು ನನ್ನನ್ನು ಹೊಗಳಿದ್ದು ಮನೆಮಾತಿನಲ್ಲಿ ಅಲ್ಲ, ಹೊರಗಿನವರ ಹತ್ತಿರ ಆಡುವ ಮಾತಿನಲ್ಲಿ; 'ಆಯ್ದು' ಹೋಗಿ 'ಆಗಿದೆ' ಬಂದಿತ್ತು. ಬೇರೆಯವರ ಮನೆಗೆ ಊಟಕ್ಕೆ ಹೋದಾಗ ಎಲೆಯ ಮುಂದೆ ಕೂತು ನಾವೆಲ್ಲ ಹೇಗೆ ಹೊಗಳುತ್ತೇವೋ ಹಾಗೆ. ನೆಂಟರಾಗಿ ಹೋದವರು ಉಪ್ಪು ಕಮ್ಮಿ ಎನ್ನುತ್ತಾರೆಯೇ? ನನ್ನ ಅತ್ತೆ ತಮ್ಮದೇ ಮನೆಯಲ್ಲಿ ನೆಂಟರಾಗಿಬಿಟ್ಟಿದ್ದರು. ನಾನು ಯಾರೋ ಒಬ್ಬಳು ಒಳ್ಳೆಯ ಹೆಂಗಸು, ಪಾಪ, ಊಟ ಹಾಕುತ್ತಿದ್ದೇನೆ. ಒಳಗೆ ಹೋಗಿ ಕಣ್ಣೊರೆಸಿಕೊಂಡೆ. ಇಷ್ಟು ವರ್ಷ ಆ ಒಂದು ಹರಳಿಗಾಗಿ ನಾನು ಮನಸ್ಸಿನಲ್ಲೇ ಎಷ್ಟು ಜಗಳವಾಡಿದ್ದೆ. ಈಗ ಬಾಯಿಬಿಟ್ಟು ಆಡೋಣವೆಂದರೆ ಎದುರು ಪಕ್ಷದವರೇ ಇರಲಿಲ್ಲ.

ಡಾಕ್ಟರಿಗೆ ತೋರಿಸಬೇಕು ಎಂದಾಯಿತು. ಇಲ್ಲಿ ನಮ್ಮ ಕಡೆಯ ಒಂದು ಪದ್ಧತಿಯನ್ನು ಹೇಳಬೇಕು. ಭಟ್ಕಳ, ಹೊನ್ನಾವರ, ಕುಮಟಾ ಮೂರೂ ಹೆದ್ದಾರಿಗೆ ಪೋಣಿಸಿದ ಊರುಗಳು. ಬಸ್ಸಿಗೆ ಬರವಿಲ್ಲ, ಡಾಕ್ಟರಿಗೂ ಬರವಿಲ್ಲ. ಜ್ವರಕ್ಕೆ ಊರಿನ ಡಾಕ್ಟರು, ಉಳಿದದ್ದಕ್ಕೆ ಯಾರ ಕೈಗುಣ ಎಲ್ಲಿ ಚೆನ್ನಾಗಿದೆ ಎಂದು ಕೇಳಿಬರುತ್ತದೋ ಆ ಊರು. ಆದರೆ ಹೋದದ್ದನ್ನು ಊರಿನ ಡಾಕ್ಟರಿಗೆ ಹೇಳುವಂತಿಲ್ಲ. ಅವರಿಗೆ ಬೇಜಾರಾಗುತ್ತದೆ. ಅವರೇನು ಬರೀ ಡಾಕ್ಟರೇ, ಮನೆಯ ಮದುವೆ ಮುಂಜಿಗೆ ಬರುವವರು, ನಮ್ಮ ಮಾವನವರ ಕೊನೆಗಾಲದಲ್ಲಿ ಕರೆದಾಗಲೆಲ್ಲ ಬಂದವರು. ಅವರನ್ನು ಬಿಟ್ಟು ಕುಮಟಾಕ್ಕೆ ಹೋದೆವು ಎಂದರೆ ಏನೆಂದುಕೊಂಡಾರು? ಅದಕ್ಕೇ ಕುಮಟಾದ ಆಸ್ಪತ್ರೆಯ ಬೆಂಚಿನ ಮೇಲೆ ಹೊನ್ನಾವರದವರು ಎದುರಾದರೆ ಇಬ್ಬರೂ 'ಹೀಗೇ, ಇಲ್ಲೊಂದು ಕೆಲ್ಸ ಇತ್ತು' ಎಂದುಕೊಂಡು ಗೋಡೆಯ ಕ್ಯಾಲೆಂಡರು ನೋಡುತ್ತೇವೆ. ಫೈಲನ್ನು ಬಟ್ಟೆಯಂಗಡಿಯ ಚೀಲದಲ್ಲಿ ಒಯ್ಯುತ್ತೇವೆ. ಈ ಶಾಸ್ತ್ರದಲ್ಲಿ ನನ್ನ ಗಂಡನನ್ನು ಮೀರಿಸಿದವರಿಲ್ಲ. ನಮ್ಮ ಮನೆಯಲ್ಲಿ ಊರಿನ ಡಾಕ್ಟರ ಮಾತ್ರೆಗೆ ಸ್ಟೀಲ್ ಡಬ್ಬ, ಕುಮಟಾದ್ದಕ್ಕೆ ಬಿಸ್ಕತ್ತಿನ ಡಬ್ಬ, ಭಟ್ಕಳದ್ದಕ್ಕೆ ಮಿಠಾಯಿ ಪೆಟ್ಟಿಗೆ. ಯಾವ ಊರಿಗೆ ಹೋಗುತ್ತೇವೋ ಆ ಊರಿನ ಡಬ್ಬ ಮಾತ್ರ ಚೀಲಕ್ಕೆ ಬೀಳುತ್ತದೆ.

ಕುಮಟಾದ ನರರೋಗದ ಡಾಕ್ಟರು ಇನ್ನೂ ಚಿಕ್ಕ ವಯಸ್ಸಿನವರು, ಬಹಳ ತಾಳ್ಮೆಯ ಮನುಷ್ಯ. ಅತ್ತೆಗೆ ಏನೇನೋ ಪ್ರಶ್ನೆ ಕೇಳಿದರು, ಗಡಿಯಾರದ ಚಿತ್ರ ಬರೆಸಿದರು, ಸ್ಕ್ಯಾನು ಮಾಡಿಸಿದರು. ಮರೆವಿನ ಕಾಯಿಲೆ ಶುರುವಾಗಿದೆ ಎಂದರು. ಬೇರೆ ಯಾವ ಮಾತ್ರೆ ತಗೊಳ್ತಾರೆ ಎಂದು ಕೇಳಿದಾಗ ನನ್ನ ಗಂಡ, "ಬಿಪಿದು ಒಂದೇ" ಎಂದರು. ಅಷ್ಟರ ಮಟ್ಟಿಗೆ ಅದು ನಿಜವೇ ಆಗಿತ್ತು. ಆಮೇಲೆ ಡಾಕ್ಟರು ನಮಗೆ ತಿಳಿಸಿ ಹೇಳಿದರು. ಮೆದುಳಿನ ಒಂದು ಕೋಶ ಇನ್ನೊಂದಕ್ಕೆ ಸುದ್ದಿ ಮುಟ್ಟಿಸಲು ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಬೇಕಂತೆ. ಸುದ್ದಿ ಮುಟ್ಟುತ್ತಿದ್ದ ಹಾಗೇ ಅದನ್ನು ಅಳಿಸಿಹಾಕಲು ಒಂದು ಕಿಣ್ವವೂ ಅಲ್ಲೇ ಕಾದು ನಿಂತಿರುತ್ತದಂತೆ. ಈ ಕಾಯಿಲೆಯಲ್ಲಿ ಆ ರಾಸಾಯನಿಕವೇ ಕಡಿಮೆಯಾಗುತ್ತ ಹೋಗುತ್ತದೆ. "ಟೀಚರ್ ಅಲ್ವಾ ನೀವು? ಬೋರ್ಡು ಅಂತ ತಿಳ್ಕೊಳ್ಳಿ. ಚಾಕ್‌ಪೀಸು ಮುಗೀತಾ ಬಂದಿದೆ. ನಾನು ಕೊಡೋ ಮಾತ್ರೆ ಹೊಸ ಚಾಕ್‌ಪೀಸು ತರೋದಿಲ್ಲ. ಡಸ್ಟರ್ ಹಿಡಿದವನ ಕೈಯನ್ನು ಸ್ವಲ್ಪ ಹೊತ್ತು ಹಿಡ್ಕೊಳ್ತದೆ, ಅಷ್ಟೇ. ಬರೆದಿದ್ದು ಇನ್ನೂ ಸ್ವಲ್ಪ ಹೊತ್ತು ಕಾಣ್ತದೆ" ಎಂದರು. ಇಷ್ಟು ಚೆನ್ನಾಗಿ ನಮ್ಮ ಶಾಲೆಯ ವಿಜ್ಞಾನದ ಮೇಷ್ಟರೂ ಹೇಳಲಾರರು. ನನ್ನ ಗಂಡ ಮೊಬೈಲಿನಲ್ಲಿ ಓದಿಕೊಂಡು ಬಂದಿದ್ದರು, ಈ ಮಾತ್ರೆ ಮೆದುಳನ್ನೇ ಕಾಪಾಡುತ್ತದಂತಲ್ಲ ಎಂದು ಕೇಳಿದರು. "ಇಲಿಗಳಲ್ಲಿ, ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕೋಶಗಳಲ್ಲಿ ಹಾಗೆ ಕಂಡಿದ್ದು ಹೌದು. ಮನುಷ್ಯರಲ್ಲಿ ಅಷ್ಟು ಗಟ್ಟಿಯಾಗಿ ಹೇಳೋ ಹಾಗಿಲ್ಲ. ಕೆಲವರಿಗೆ ಚೂರು ಗುಣ ಕಾಣ್ತದೆ, ಕೆಲವರಿಗೆ ಅದೂ ಇಲ್ಲ" ಎಂದರು ಡಾಕ್ಟರು. ಒಂದೆಲಗದ ತಂಬುಳಿ ಮುಂದುವರಿಸಬಹುದೇ ಎಂದು ನಾನು ಕೇಳಿದೆ. ಊಟಕ್ಕೆ ರುಚಿಯಾದರೆ ಧಾರಾಳವಾಗಿ ಎಂದರು. ರುಚಿ ಎಂದದ್ದಕ್ಕೆ ನಾನು ಅತ್ತೆಯ ಮುಖ ನೋಡಿದೆ.

ಅಂದಿನಿಂದ ನಾನು ಬೈಗುಳಕ್ಕೆ ಕಾದು ಕೂತೆ. ಕೋರ್ಟಿನಲ್ಲಿ ಶಿಕ್ಷೆಯಾಗಲಿ ಎಂದು ಬೇಡಿಕೊಳ್ಳುವ ಕಳ್ಳನನ್ನು ನೀವು ನೋಡಿದ್ದೀರಾ? ದಿನಾ ಮಧ್ಯಾಹ್ನ ಶಾಲೆಯ ಬಿಡುವಿನಲ್ಲಿ ಮನೆಗೆ ಬಂದು ತಂಬುಳಿ ಬಡಿಸಿ ಅತ್ತೆಯ ಮುಖವನ್ನೇ ನೋಡುತ್ತಿದ್ದೆ. ಡಾಕ್ಟರ ಗಡಿಯಾರದ ಚಿತ್ರ ಅವರಿಗಿರಲಿ, ನನ್ನ ಪರೀಕ್ಷೆ ಇದೇ. ಉಪ್ಪನ್ನು ಬೇಕೆಂದೇ ಬಿಟ್ಟೂ ನೋಡಿದೆ. ಗಂಡ ಪಾಪ ಬಾಯಿ ಮುಚ್ಚಿಕೊಂಡು ಉಂಡರು. ಅತ್ತೆ ಹೊಗಳಿಕೆ ನಿಲ್ಲಿಸಲಿಲ್ಲ. ಹೊಸ ಮಾತ್ರೆಗೆ ಮೊದಮೊದಲು ಹೊಟ್ಟೆ ತೊಳಸಿತು, ಏನೇನೋ ಕನಸು ಬಿತ್ತು, ಅಪ್ಸರಕೊಂಡದ ಜಲಪಾತ ನಮ್ಮ ಬಚ್ಚಲಿಗೆ ಬಂದಿದೆ, ಬಾಗಿಲು ಹಾಕಿ ಎಂದರು. ಅದಕ್ಕೂ ಹೆಚ್ಚಾಗಿ ಮೂತ್ರಕ್ಕೆ ಮೇಲಿಂದ ಮೇಲೆ ಅವಸರ. ಬಚ್ಚಲು ಮುಟ್ಟುವುದರೊಳಗೆ ಆಗಿಬಿಟ್ಟು, ಸೀರೆ ಒದ್ದೆಯಾಗಿ, ಗೋಡೆ ಕಡೆ ಮುಖ ಮಾಡಿ ನಿಲ್ಲುತ್ತಿದ್ದರು. ನಾಚಿಕೆಯೊಂದನ್ನು ಅವರು ಮರೆತಿರಲಿಲ್ಲ. ಕುಮಟಾದ ಡಾಕ್ಟರಿಗೆ ಫೋನು ಮಾಡೋಣವೆಂದೆ ನಾನು. "ಅವ್ರು ಕೊಟ್ಟ ಮಾತ್ರೆಗೇ ಹಿಂಗಾತು ಹೇಳಿದ್ರೆ ಅವ್ರಿಗೆ ಬೇಜಾರಾಗ್ತು" ಎಂದರು ಗಂಡ. ಭಟ್ಕಳದಲ್ಲಿ ಒಬ್ಬರು ಒಳ್ಳೆಯ ಡಾಕ್ಟರಮ್ಮ ಇದ್ದಾರೆಂದು ಅವರಿಗೆ ಯಾರೋ ಹೇಳಿದ್ದರು. ಅಲ್ಲಿಗೆ ಹೋದೆವು. ಆಕೆ ಅತ್ತೆಯ ಕೈ ಹಿಡಿದುಕೊಂಡು, "ಅಮ್ಮಾ, ಇದಕ್ಕೆಲ್ಲ ನಾಚಿಕೆ ಮಾಡಬಾರದು, ನಮ್ಮ ಅಮ್ಮನಿಗೂ ಆಗಿತ್ತು" ಎಂದರು. ಬೇರೆ ಮಾತ್ರೆ ಏನಾದರೂ ಉಂಟಾ ಎಂದು ಅವರೂ ಕೇಳಿದರು. ನನ್ನ ಗಂಡ ಅದೇ ಮೆತ್ತನೆಯ ದನಿಯಲ್ಲಿ "ಬಿಪಿದು ಒಂದೇ" ಎಂದರು. ನಾನು ಬಾಯಿ ತೆರೆದೆ, ಅವರು ನನ್ನ ಕಾಲು ತುಳಿದರು, ನಾನು ಬಾಯಿ ಮುಚ್ಚಿದೆ. ತಾಯಿಯ ವಿಷಯ, ಮಗನಿಗಿಂತ ಸೊಸೆ ಜಾಸ್ತಿ ಮಾತಾಡಿದರೆ ಚಂದವಲ್ಲ ಎಂದುಕೊಂಡೆ. ನನಗೂ ಆ ವಿದ್ಯೆ ಅಂಟಿಕೊಂಡಿತ್ತು.

ಭಟ್ಕಳದ ಮಾತ್ರೆಗೆ ಅವಸರವೇನೋ ನಿಂತಿತು. ಅದರ ಜೊತೆಗೆ ಉಳಿದದ್ದೂ ನಿಲ್ಲುತ್ತ ಬಂತು. ಅತ್ತೆ ಹಗಲೆಲ್ಲ ಮಂಪರಿನಲ್ಲಿ ಕೂತಿರುತ್ತಿದ್ದರು. ಬಾಯಿ ಒಣಗುತ್ತಿತ್ತು, ಹೊಟ್ಟೆ ಕಟ್ಟಿತು, ಮಗನನ್ನು ಕಂಡು 'ಬನ್ನಿ, ಕೂತ್ಕೊಳ್ಳಿ' ಎಂದು ಉಪಚಾರ ಮಾಡಿದರು. ಆವತ್ತು ನನ್ನ ಗಂಡ ಮೊದಲ ಸಲ ಊಟ ಬಿಟ್ಟು ಎದ್ದರು. ಅತ್ತೆಗೆ ನಾನು ಯಾರೋ ಒಬ್ಬಳಾದಾಗ ಸಮಾಧಾನ ಹೇಳಿದ್ದವರು, ತಾವೇ ನೆಂಟರಾದಾಗ ಹಿತ್ತಲಿಗೆ ಹೋಗಿ ಬಾವಿಕಟ್ಟೆಯ ಮೇಲೆ ಕೂತರು. ಕಾಯಿಲೆ ಮುಂದುವರಿಯಿತು, ಇನ್ನೇನೂ ಮಾಡುವಂತಿಲ್ಲ ಎಂದೇ ಇಬ್ಬರೂ ತಿಳಿದುಕೊಂಡೆವು.

ಹೊಟ್ಟೆ ಕಟ್ಟಿದ್ದಕ್ಕೆ ಊರಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಚೀಲದಲ್ಲಿ ಸ್ಟೀಲ್ ಡಬ್ಬ ಮಾತ್ರ. ರಿಕ್ಷಾದಲ್ಲಿ ಗಂಡ ತಾಯಿಯ ಕಿವಿಯ ಹತ್ತಿರ, "ಆಯಿ, ಕುಮಟೆ ಸುದ್ದಿ, ಭಟ್ಕಳದ ಸುದ್ದಿ ಎಂತದೂ ಹೇಳದು ಬ್ಯಾಡ ಹಾಂ" ಎಂದು ಹೇಳಿಕೊಟ್ಟರು. ಅತ್ತೆ ವಿಧೇಯ ಮಗುವಿನಂತೆ ತಲೆಯಾಡಿಸಿದರು. ಏನನ್ನು ಮುಚ್ಚಿಡಬೇಕು ಎಂಬುದನ್ನು ನೆನಪಿಟ್ಟುಕೊಳ್ಳುವುದಕ್ಕೂ ನೆನಪು ಬೇಕು ಎನ್ನುವುದು ನಮ್ಮಿಬ್ಬರ ತಲೆಗೂ ಹೋಗಲಿಲ್ಲ. ಡಾಕ್ಟರು ನಾಡಿ ನೋಡಿ, ನಾಲಗೆ ನೋಡಿ, "ಎಂತ ಅಮ್ಮ, ಬಾಯಿ ಇಷ್ಟು ಒಣಗಿದೆ?" ಎಂದರು. ಅತ್ತೆಗೆ ರಿಕ್ಷಾದ ಪಾಠದಲ್ಲಿ ಎರಡು ಊರಿನ ಹೆಸರು ಮಾತ್ರ ನೆನಪಿತ್ತು, ಹೇಳಬೇಡ ಎಂದದ್ದು ಹಾರಿಹೋಗಿತ್ತು. "ಕುಮಟೆ ಡಾಕ್ಟ್ರು ಒಂದು ಮಾತ್ರೆ ಕೊಟ್ಟಿದಾರೆ, ಭಟ್ಕಳದ ಡಾಕ್ಟ್ರಮ್ಮ ಒಂದು ಕೊಟ್ಟಿದಾರೆ. ನೀವು ಎಂತ ಕೊಡ್ತೀರಿ ಈಗ?" ಎಂದು ನಗುತ್ತ ಕೇಳಿದರು. ನನ್ನ ಗಂಡ ಗೋಡೆಯ ಕ್ಯಾಲೆಂಡರು ನೋಡತೊಡಗಿದರು. ಅದು ಹಿಂದಿನ ತಿಂಗಳ ಹಾಳೆಯಾಗಿತ್ತು.

ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಹೆಗಡೇರೆ, ಮನೆಗೆ ಹೋಗಿ ಇದ್ದ ಮಾತ್ರೆಯೆಲ್ಲ ತಗೊಂಡ್ ಬನ್ನಿ" ಎಂದರು, ಅಷ್ಟೇ. ಗಂಡ ಅದೇ ರಿಕ್ಷಾದಲ್ಲಿ ಹೋಗಿ ಬಿಸ್ಕತ್ತಿನ ಡಬ್ಬ, ಮಿಠಾಯಿ ಪೆಟ್ಟಿಗೆ ತಂದು, ಮದುವೆಯ ಉಡುಗೊರೆ ಕೊಡುವವರ ಹಾಗೆ ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತರು. ಡಾಕ್ಟರು ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು ಮಾತ್ರೆಗಳ ಹೆಸರು ಓದಿದರು. ಆಮೇಲೆ ನಮಗೆ ಬಿಡಿಸಿ ಹೇಳಿದರು. ಕುಮಟಾದ ಮಾತ್ರೆ ಅಸಿಟೈಲ್‌ಕೋಲಿನ್ ಉಳಿಸಲು ನೋಡುತ್ತದೆ. ಅದೇ ಅಸಿಟೈಲ್‌ಕೋಲಿನ್ ಮೂತ್ರಕೋಶಕ್ಕೂ ಚುರುಕು ಮುಟ್ಟಿಸುವುದರಿಂದ ಅವಸರ ಹೆಚ್ಚಿತು. ಭಟ್ಕಳದ ಮಾತ್ರೆ ಆ ಅವಸರ ನಿಲ್ಲಿಸಲು ಅದೇ ಅಸಿಟೈಲ್‌ಕೋಲಿನ್ನಿನ ಸುದ್ದಿಯನ್ನು ತಡೆಯಿತು. ಮೂತ್ರಕೋಶದಲ್ಲಿ ತಡೆದಂತೆ ಮೆದುಳಿನಲ್ಲೂ ತಡೆಯಿತು. ನನಗೆ ಕುಮಟಾದ ಬೋರ್ಡು ನೆನಪಾಯಿತು. ಒಬ್ಬರು ಡಸ್ಟರಿನವನ ಕೈ ಹಿಡಿದುಕೊಂಡು ಅಕ್ಷರ ಉಳಿಸುತ್ತಿದ್ದಾರೆ, ಇನ್ನೊಬ್ಬರು ಬೆಂಚಿನ ಮೇಲೆ ಕೂತ ಮಕ್ಕಳ ಕಣ್ಣಿಗೆ ಬಟ್ಟೆ ಕಟ್ಟುತ್ತಿದ್ದಾರೆ. ತಪ್ಪು ಇಬ್ಬರದೂ ಅಲ್ಲ. ಇಬ್ಬರೂ ಕೇಳಿದ್ದರು. ನಾವು ಮರ್ಯಾದೆ ಕಾಪಾಡಿದ್ದೆವು.

"ನಿಮಗೆ ಬೇಜಾರಾಗ್ತದೆ ಅಂತ..." ಎಂದರು ನನ್ನ ಗಂಡ. ಡಾಕ್ಟರು ಅವರ ಮುಖ ನೋಡಿದರು. "ನಿಮ್ಮ ಅಪ್ಪನ ಕಾಲದಿಂದ ನೋಡ್ತಾ ಇದ್ದೇನೆ. ಕುಮಟಕ್ಕೆ ಹೋಗಿದ್ದಕ್ಕೆ ನಂಗೆ ಎಂತ ಬೇಜಾರು? ಹೇಳ್ಲಿಲ್ಲ ಅಂತ ಬೇಜಾರು. ನನ್ನ ಹತ್ರ ಬಾಯಿಗೆ ಬಂದಿದ್ದು ಹೇಳ್ಬೇಕಪ್ಪ ನೀವು, ನಾನೇನು ನೆಂಟನಾ?" ಎಂದರು. ಆ ಶಬ್ದ ಅವರ ಬಾಯಲ್ಲಿ ಹೇಗೆ ಬಂತೋ, ನನಗೆ ತಲೆ ಎತ್ತಲಾಗಲಿಲ್ಲ. ಆಮೇಲೆ ದನಿ ತಗ್ಗಿಸಿ, "ನನ್ನ ಮೊಣಕಾಲಿಗೆ ನಾನೇ ಭಟ್ಕಳಕ್ಕೆ ಹೋಗಿ ಬರ್ತೇನೆ. ಇಲ್ಲೇ ಪಕ್ಕದ ರಸ್ತೆಲಿ ಮೂಳೆ ಡಾಕ್ಟ್ರು ಇದ್ದಾರೆ, ಅವರಿಗೆ ಮತ್ತೆ ಹೇಳ್ಬೇಡಿ, ಬೇಜಾರು ಮಾಡ್ಕೊಳ್ತಾರೆ" ಎಂದರು. ಅಲ್ಲಿಂದಲೇ ಎರಡು ಊರಿಗೂ ಫೋನು ಹೋಯಿತು. ಭಟ್ಕಳದ ಡಾಕ್ಟರಮ್ಮ ತಮ್ಮ ಮಾತ್ರೆ ನಿಲ್ಲಿಸಲು ಹೇಳಿ, ಹೊತ್ತು ಹೊತ್ತಿಗೆ ಬಚ್ಚಲಿಗೆ ಕರೆದುಕೊಂಡು ಹೋಗುವ ಕ್ರಮ ಹೇಳಿಕೊಟ್ಟರು. ಕುಮಟಾದವರು ಅಳತೆ ಇಳಿಸಿ, ಕನಸಿನ ಕಾಟಕ್ಕೆ ಮಾತ್ರೆಯನ್ನು ಬೆಳಗಿನ ಹೊತ್ತಿಗೆ ಬದಲಾಯಿಸಿದರು. ಮೂರು ಡಬ್ಬಗಳೂ ಒಂದಾದವು. ಮಿಠಾಯಿ ಪೆಟ್ಟಿಗೆಯಲ್ಲಿ ಈಗ ಸೂಜಿ ದಾರ ಇದೆ.

ಪವಾಡವೇನೂ ಆಗಲಿಲ್ಲ. ನಿನ್ನೆ ಉಂಡದ್ದು ಅತ್ತೆಗೆ ಇವತ್ತಿಗೂ ನೆನಪಿಲ್ಲ. ಮಂಪರು ಮಾತ್ರ ಮೆಲ್ಲಗೆ ಇಳಿಯಿತು. ಮಗನನ್ನು ಹೆಸರು ಹಿಡಿದು ಕರೆದರು, ಹಾಲು ಬಂತೋ ಎಂದು ಮತ್ತೆ ಕೇಳತೊಡಗಿದರು. ಆ ಪ್ರಶ್ನೆಗೆ ನಾವಿಬ್ಬರೂ ಪೈಪೋಟಿಯ ಮೇಲೆ ಉತ್ತರ ಕೊಡುತ್ತಿದ್ದೆವು. ಹೀಗಿರುವಾಗ ಒಂದು ಮಧ್ಯಾಹ್ನ ತಂಬುಳಿ ಬಡಿಸಿದೆ. ಅಂಗೈ ಚಾಚಿದರು, ಕಣ್ಣು ಮುಚ್ಚಿ ಕುಡಿದರು, ಕಣ್ಣು ಬಿಟ್ಟರು. ಹುಬ್ಬು ಗಂಟಿಕ್ಕಿತು. "ಸುಮಾ, ಒಂದು ಹರಳು ಉಪ್ಪು ಕಮ್ಮಿ ಆಯ್ದು" ಎಂದರು, ನನ್ನ ಹೆಸರು ಹಿಡಿದು.

ಉಪ್ಪು ಸರಿಯಾಗಿಯೇ ಇತ್ತು. ಆವತ್ತು ನಾನು ಪರೀಕ್ಷೆ ಮಾಡಲು ಹೋಗಿರಲಿಲ್ಲ, ಗಂಡನೂ ಜೋರಾಗಿಯೇ ಸರಿ ಇದ್ದು ಎಂದರು. ಮಾತ್ರೆಗಳು ಸರಿಹೋದ ಮೇಲೆ ವಾಪಸು ಬಂದದ್ದು ಅತ್ತೆಯ ರುಚಿಯಲ್ಲ, ಅತ್ತೆ. "ಹೌದು ಅತ್ತೆ, ಕಮ್ಮಿ ಆಯ್ದು" ಎಂದು ಒಳಗೆ ಓಡಿ ಉಪ್ಪಿನ ಮರಿಗೆಯನ್ನೇ ತಂದು ಒಂದು ಹರಳು ಅವರ ಅಂಗೈಯ ಮೇಲಿಟ್ಟೆ. ನನ್ನ ಕಣ್ಣು ಒದ್ದೆಯಾಗಿದ್ದು ನೋಡಿ ಅವರು, ಇಷ್ಟಕ್ಕೆಲ್ಲ ಅಳುತ್ತಾರೆಯೇ ಎನ್ನುವಂತೆ ನೋಡಿದರು. ಇದು ಎಷ್ಟು ದಿನ ಎಂದು ಕುಮಟಾದ ಡಾಕ್ಟರೂ ಹೇಳಲಿಲ್ಲ. ನಾವೂ ಕೇಳಲಿಲ್ಲ. ಅವರು ನನ್ನನ್ನು ಮತ್ತೆ ಹೊಗಳುವ ದಿನ ಬಂದೇ ಬರುತ್ತದೆಂದು ನನಗೆ ಗೊತ್ತು. ಅಲ್ಲಿಯ ತನಕ ದಿನಾ ಒಂದು ಹರಳು ಕಮ್ಮಿಯಾಗುತ್ತಲೇ ಇರಲಿ, ನಾನು ಹೂಂ ಎನ್ನುತ್ತಲೇ ಇರುತ್ತೇನೆ ಎಂದು ದೇವರ ಮುಂದೆ ಹೇಳಿಕೊಂಡೆ.

ಹೇಳಿಕೊಂಡದ್ದು ಒಂದು ವಾರ ಬಾಳಿತು. ಶಾಲೆಯಲ್ಲಿ ಪರೀಕ್ಷೆಯ ಪೇಪರು ತಿದ್ದಿ ತಲೆ ಚಿಟ್ಟು ಹಿಡಿದಿದ್ದ ಒಂದು ಶನಿವಾರ, ಮನೆಗೆ ಬಂದು ಎಲೆ ಕೊಯ್ದು, ಬೀಸಿ, ನಾಲಗೆಗೆ ಇಟ್ಟು ನೋಡಿಯೇ ತಂಬುಳಿ ಬಡಿಸಿದ್ದೆ. ಅತ್ತೆ ಕುಡಿದು ಅದೇ ಮಾತು ಹೇಳಿದರು. ಎಲ್ಲಿತ್ತೋ ಸಿಟ್ಟು, ನೆತ್ತಿಗೇರಿತು. "ಎಂತ ಕಮ್ಮಿಯೂ ಇಲ್ಲೆ ಅತ್ತೆ, ಸಮಾ ಇದ್ದು. ನಿಮ್ಮ ಮಗನ್ನೇ ಕೇಳಿ" ಎಂದು ಒಳಗೆ ಹೋಗಿ ಸೌಟನ್ನು ಕಟ್ಟೆಯ ಮೇಲೆ ಕುಕ್ಕಿದೆ. ಹೊರಗೆ ಅತ್ತೆ ನನ್ನ ಬಗ್ಗೆ ಮಗನನ್ನು ಕೇಳುವುದು ಕೇಳಿಸಿತು: "ಅದಕ್ಕೆ ಎಂತ ಆತೋ?" ಗಂಡ ಮಜ್ಜಿಗೆ ಕಲೆಸಿಕೊಳ್ಳುತ್ತ ನಿರಾಳವಾಗಿ ಹೇಳಿದರು: "ಎಂತೂ ಆಗಿಲ್ಲೆ ಆಯಿ. ನಿಮ್ಮಿಬ್ರಿಗೂ ಹುಷಾರಾತು."

ಒಳಗೆ ನಾನು ಪಾತ್ರೆಗೆ ಬೆರಳಿಟ್ಟು ತಂಬುಳಿಯನ್ನು ಇನ್ನೊಮ್ಮೆ ನೆಕ್ಕಿ ನೋಡಿದೆ. ಯಾರಿಗೂ ಹೇಳಬೇಡಿ, ಒಂದು ಹರಳು ಕಮ್ಮಿಯೇ ಇತ್ತು ಎನಿಸಿತು.